ಹಸಿರು ಬಂತಲ್ಲ, ಇನ್ನೇನು?

ಬೇಲಾಪುರದ ನಮ್ಮ ಡಿಸೈನ್ ಆಫೀಸಿನಲ್ಲಿ ಮೈಸೂರಿನ ಸೀನಿಯರ್ ಇಂಜಿನಿಯರ್ ಒಬ್ಬರಿದ್ದರು. ಹೊಸ ಉಪಕರಣ ಎಷ್ಟು ಬಲ ತಡೆಯುತ್ತದೆಂದು ಕಂಪ್ಯೂಟರಿನಲ್ಲೇ ಪರೀಕ್ಷಿಸುವುದು ಅವರ ಕೆಲಸ. ಮುರಿಯುವ ಜಾಗ ಪರದೆಯಲ್ಲಿ ಕೆಂಪಾಗುತ್ತಿತ್ತು, ತಾಳುವ ಜಾಗ ಹಸಿರು. ಕೆಂಪು ಕಂಡರೆ ಬೇರೆಯವರು ಉಪಕರಣವನ್ನು ದಪ್ಪ ಮಾಡುತ್ತಿದ್ದರು. ಇವರು ಕನ್ನಡಕವನ್ನು ಹಣೆಗೇರಿಸಿ, ಪರೀಕ್ಷೆಯಲ್ಲಿ ಒತ್ತುವ ಬಲವನ್ನೇ ಇಳಿಸುತ್ತಿದ್ದರು. ಆಮೇಲೆ ಕುರ್ಚಿಗೆ ಒರಗಿ, “ಹಸಿರು ಬಂತಲ್ಲ, ಇನ್ನೇನು?” ಎನ್ನುತ್ತಿದ್ದರು.

ಒಮ್ಮೆ ಹತ್ತಿರದ ಕೋಪರಖೈರಣೆಯ ಉಡುಪಿ ಹೋಟೆಲಿನ ಯಜಮಾನರೊಬ್ಬರು ತೆಂಗಿನಕಾಯಿ ಒಡೆಯಲು ಅಡಕತ್ತರಿಯ ಅಣ್ಣನಂಥ ಒಂದು ಉಪಕರಣ ಬೇಕೆಂದರು. ಪರದೆಯಲ್ಲಿ ಅದರ ಹಿಡಿ ಕೆಂಡದಂತೆ ಕೆಂಪಾಯಿತು. ಇವರು ಬಲ ಇಳಿಸುತ್ತ ಇಳಿಸುತ್ತ, ಮಗು ಅಪ್ಪನ ಮೂಗು ಹಿಂಡುವಷ್ಟಕ್ಕೆ ತಂದು ನಿಲ್ಲಿಸಿದರು.

“ಸಾರ್, ಇಷ್ಟಕ್ಕೆ ಕಾಯಿ ಒಡೆಯುತ್ತಾ?” ಎಂದೆ.

“ಕಾಯಿ ನಮ್ಮ ಸ್ಕೋಪಲ್ಲಿಲ್ಲ ಕಣ್ರೀ. ಹಸಿರು ಬಂತಲ್ಲ!”

ಆಯುಧಪೂಜೆಯ ಹಿಂದಿನ ದಿನ ಯಜಮಾನರು ಕಾಯಿ ಸಮೇತ ಬಂದು, ತಯಾರಾಗಿದ್ದ ಉಪಕರಣದಲ್ಲಿಟ್ಟು ಒತ್ತಿದರು. ಹಿಡಿ ಬಾಳೆಹಣ್ಣಿನಂತೆ ಬಾಗಿತು. ಕಾಯಿಯ ಮೇಲೆ ಒಂದು ಗೀರೂ ಬೀಳಲಿಲ್ಲ.

“ಅಷ್ಟು ಜೋರಾಗಿ ಯಾಕ್ರೀ ಒತ್ತಿದ್ರಿ?” ಎಂದು ಇವರೇ ಗದರಿದರು.

“ಹಾಗಾದ್ರೆ ಮೆಲ್ಲ ಒತ್ತಿದ್ರೆ ಒಡೀಲಿಕ್ಕೆ ಕಾಯಿಗೆ ನೀವೇ ಹೇಳಿ ಮಾರಾಯ್ರೆ,” ಎಂದ ಯಜಮಾನರು ಕಾಯಿಯನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಹೋದರು.

ಮರುದಿನ ಪೂಜೆಯಲ್ಲಿ ಆ ಡೊಂಕು ಉಪಕರಣಕ್ಕೆ ಇವರೇ ಕುಂಕುಮವಿಟ್ಟರು. “ಪೂಜೆಗಿಟ್ಟ ಆಯುಧ ಯಾರೂ ಮುಟ್ಟಬಾರದು,” ಎಂದು ತಾಕೀತು ಮಾಡಿ, ಮೇಲೊಂದು ಚೆಂಡುಹೂವು ಇಟ್ಟರು.

ಹೂವಿನ ಭಾರವನ್ನು ಅದು ಚೆನ್ನಾಗಿಯೇ ತಡೆದುಕೊಂಡಿತು.