ನ್ಯೂಟ್ರಲ್‌ಗೆ ನಾನು ತಿಳಿದಿದ್ದ ಅರ್ಥ

ಹೋದ ತಿಂಗಳು ಕೊಪ್ಪದ ಬಸ್ ನಿಲ್ದಾಣದ ಹತ್ತಿರ ನನ್ನ ಸ್ಕೂಟರಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬು ಹೊರಗೆಳೆದು, ತೂತಿದ್ದ ಜಾಗವನ್ನು ತಿಕ್ಕಿ, ಬೆರಳಿನಿಂದ ಸಲ್ಯೂಷನ್ ಹಚ್ಚಿದ. ಆ ವಾಸನೆ... ಪೆಟ್ರೋಲಿನದೂ ಹೌದು, ರಬ್ಬರಿನದೂ ಹೌದು, ನೇರವಾಗಿ ನೆತ್ತಿಗೇರುವಂಥದು. ನನಗೆ ಲ್ಯಾಬಿಗೆ ತಡವಾಗುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಆದರೂ ಅವನು "ಆಯ್ತು ಅಕ್ಕ" ಎಂದು ಎರಡು ಸಲ ಹೇಳಿದ ಮೇಲೇ ನಾನು ಅಲ್ಲಿಂದ ಕದಲಿದ್ದು.

ಅಪ್ಪನಿಗೆ ಮುತ್ತಿನಕೊಪ್ಪದಲ್ಲಿ ಸೈಕಲ್ ಶಾಪ್ ಇತ್ತು. ಸೈಕಲ್ಲಿನ ಜೊತೆಗೆ ಮೊಪೆಡ್ಡು, ಸ್ಕೂಟರು, ಏನು ಬಂದರೂ ಬಿಚ್ಚಿ ನೋಡುತ್ತಿದ್ದರು. ನನಗೆ ಗೊತ್ತಿದ್ದ ಇಂಗ್ಲಿಷೆಲ್ಲ ಆ ಅಂಗಡಿಯದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಬಂತೆಂಬ ಒಂದೇ ಕಾರಣಕ್ಕೆ ನರಸಿಂಹರಾಜಪುರದಲ್ಲಿ ಆಗ ಇದ್ದ ಒಂದು ಸಣ್ಣ ಖಾಸಗಿ ಕಾಲೇಜಿಗೆ ಪಿಯುಸಿ ಸೈನ್ಸ್ ಸೇರಿದೆ. ಎರಡು ಸಾವಿರದ ನಾಲ್ಕನೇ ಇಸವಿ ಇರಬೇಕು. ಆ ಕಾಲೇಜು ಈಗಿಲ್ಲ. ಮೊದಲ ವಾರ ತರಗತಿಯಲ್ಲಿ ಏನು ನಡೆಯುತ್ತಿದೆಯೆಂದೇ ನನಗೆ ತಿಳಿಯುತ್ತಿರಲಿಲ್ಲ. ಸುತ್ತಲಿನವರು ಬರೆಯುತ್ತಿದ್ದರೆ ನಾನೂ ಪೆನ್ನು ಆಡಿಸುತ್ತಿದ್ದೆ.

ಕೆಮಿಸ್ಟ್ರಿಗೆ ಬರುತ್ತಿದ್ದವರು ಮೂವತ್ತು ದಾಟಿರಬಹುದಾದ, ತೆಳ್ಳಗಿನ ಮೇಡಂ. ಶೃಂಗೇರಿಯ ಆಚೆ ಮೆಣಸೆಯವರು. ಖಾಯಂ ನೌಕರಿಯಲ್ಲ, ವರ್ಷ ವರ್ಷವೂ ಹೊಸದಾಗಿ ಆರ್ಡರ್ ಕೊಡುತ್ತಿದ್ದರಂತೆ. ವಾರವೆಲ್ಲ ನರಸಿಂಹರಾಜಪುರದ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಊರಿಗೆ ಹೋಗಿ, ಸೋಮವಾರ ಎರಡು ಬಸ್ಸು ಬದಲಿಸಿ ನೇರ ತರಗತಿಗೇ ಬರುತ್ತಿದ್ದರು. ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಬೆಂಚುಗಳ ನಡುವೆ ನಡೆಯುತ್ತಲೇ ಇರಬೇಕು, ನಡೆಯುತ್ತ ಪ್ರಶ್ನೆ ಕೇಳಬೇಕು. ಯಾರ ಪಕ್ಕ ಬಂದು ನಿಲ್ಲುತ್ತಾರೋ ಎಂದು ನಮಗೆಲ್ಲ ಒಳಗೊಳಗೇ ದಿಗಿಲು.

ಒಂದು ದಿನ ನನ್ನ ಪಕ್ಕದಲ್ಲೇ ನಿಂತರು.

"ಸಲ್ಯೂಷನ್ ಅಂದ್ರೆ ಎಂತ, ಹೇಳೆ."

ಆ ಒಂದು ಪದ ನನಗೆ ಚೆನ್ನಾಗಿ ಗೊತ್ತಿತ್ತು. "ಪಂಕ್ಚರ್ ಆದಾಗ ಟ್ಯೂಬಿಗೆ ಹಚ್ಚೂದು ಮೇಡಂ" ಎಂದುಬಿಟ್ಟೆ.

ತರಗತಿ ಗೊಳ್ಳೆಂದಿತು. ಮುಂದಿನ ಬೆಂಚಿನ ಹುಡುಗ ತಿರುಗಿ, "ಲೆಕ್ಕದ ಉತ್ತರಕ್ಕೆ ಸಲ್ಯೂಷನ್ ಅಂತಾರೆ" ಎಂದ. ನನ್ನ ಕಿವಿ ಬಿಸಿಯಾಗಿ, ನಾಳೆಯಿಂದ ಅಪ್ಪನ ಅಂಗಡಿಯಲ್ಲೇ ಕೂರುವುದು ಎಂದು ಅಲ್ಲೇ ತೀರ್ಮಾನಿಸಿದ್ದೆ. ಆದರೆ ಮೇಡಂ ನಗಲಿಲ್ಲ.

"ಇಬ್ರು ಹೇಳಿದ್ದೂ ಸರಿ ಇದೆ. ಆದ್ರೆ ನಮ್ಮ ಕೆಮಿಸ್ಟ್ರಿಗೆ ಹತ್ರ ಇರೂದು ಇವಳು ಹೇಳಿದ್ದು. ರಬ್ಬರನ್ನ ಕರಗಿಸಿ ಮಾಡಿದ್ದು ಅದು. ಒಂದು ಕರಗೂದು, ಇನ್ನೊಂದು ಕರಗಿಸ್ಕೊಳ್ಳೂದು. ಅಷ್ಟೇ ಸಲ್ಯೂಷನ್." ಆಮೇಲೆ ನನ್ನತ್ತ ಬಗ್ಗಿ, "ನಾಳೆ ಅಂಗಡಿಯಿಂದ ಒಂದು ಟ್ಯೂಬು ತಗಂಬಾ" ಎಂದರು.

ಮರುದಿನ ಆ ಸಣ್ಣ ಟ್ಯೂಬು ಬೆಂಚಿನಿಂದ ಬೆಂಚಿಗೆ ಹೋಯಿತು. ಹಿಂದಿನ ದಿನ ನಕ್ಕವರೇ ಮೂಸಿ ನೋಡಿದರು. ನಾನು ಕಾಲೇಜು ಬಿಡಲಿಲ್ಲ.

ಆಮೇಲೆ ಅದೇ ಅವರ ಪಾಠದ ರೀತಿಯಾಯಿತು. ಮೊದಲು ಪದ ಕೊಡುವುದು, ನಮ್ಮ ಮನೆಯಲ್ಲಿ ಅದಕ್ಕೆ ಏನು ಅರ್ಥ ಎಂದು ಕೇಳುವುದು. ರಿಯಾಕ್ಷನ್ ಎಂದರೆ ಇಂಜೆಕ್ಷನ್ ಆಗಿಬರದೆ ಮೈಮೇಲೆ ಗಂದೆ ಏಳುವುದು ಎಂದು ಒಬ್ಬಳು ಹೇಳಿದಳು. ರಿಡಕ್ಷನ್ ಎಂದರೆ ಬಟ್ಟೆ ಅಂಗಡಿಯ ಸೇಲ್ ಎಂದು ಇಡೀ ತರಗತಿ ಕೂಗಿತು. "ಅಲ್ಲಿ ರೇಟು ಇಳೀತದೆ. ಇಲ್ಲಿ ಎಲೆಕ್ಟ್ರಾನು ಬಂದು ಸೇರ್ತದೆ. ಸೇರಿದ್ದಕ್ಕೆ ಕಡಿಮೆ ಆಯ್ತು ಅಂತ ಯಾಕೆ ಹೆಸರಿಟ್ರು, ಯೋಚನೆ ಮಾಡ್ಕೊಂಡು ಬನ್ನಿ" ಎಂದು ಹೋಗಿಬಿಟ್ಟರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿ ಮಾಡಲು ಸುಣ್ಣದ ಜೊತೆ ಹಾಕುವ ಮೈಲುತುತ್ತವೂ ಒಂದು ಸಾಲ್ಟೇ ಎಂದಾಗ, ತಿಂದರೆ ಪ್ರಾಣಕ್ಕೇ ಎರವಾಗುವುದನ್ನು ಉಪ್ಪು ಎನ್ನುವುದು ಹೇಗೆಂದು ನಾವು ಜಗಳಕ್ಕೇ ನಿಂತೆವು. ಅಂಥ ಜಗಳವೆಂದರೆ ಅವರಿಗೆ ಇಷ್ಟ. ತಾನೂ ಕನ್ನಡ ಮಾಧ್ಯಮದಿಂದಲೇ ಬಂದವಳು, ಇಡೀ ಒಂದು ವರ್ಷ ಮೋಲ್ ಎಂದರೆ ಮುಖದ ಮೇಲಿನ ಮಚ್ಚೆ ಎಂದೇ ತಿಳಿದು ಬಾಯಿಪಾಠ ಮಾಡಿದ್ದೆ ಎಂದು ಒಮ್ಮೆ ಹೇಳಿದ್ದರು.

ಎರಡನೇ ವರ್ಷ ಆಸಿಡ್ ಮತ್ತು ಬೇಸ್ ಬಂತು. "ನ್ಯೂಟ್ರಲ್ ಅಂದ್ರೆ?" ಎಂದು ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ಅಷ್ಟರಲ್ಲಿ ನಾನು ಆ ಪ್ರಶ್ನೆಗಳ ಯಜಮಾನಿಯಂತೆ ಆಗಿದ್ದೆ.

"ಗಾಡಿ ನಿಲ್ಲಿಸ್ದಾಗ ಹಾಕೋ ಗೇರು ಮೇಡಂ."

"ಹ್ಞಾ, ಅದೇ. ಹಿಂದೂ ಇಲ್ಲ, ಮುಂದೂ ಇಲ್ಲ. ಆಸಿಡ್‌ಗೆ ಬೇಸ್ ಸೇರಿದ್ರೆ ಎರಡರ ಆರ್ಭಟಾನೂ ನಿಲ್ತದೆ. ಉಳಿಯೂದು ಉಪ್ಪು, ನೀರು." ಅಷ್ಟು ಹೇಳುವಾಗ ಗಂಟೆ ಹೊಡೆಯಿತು. ಉಳಿದದ್ದು ನಾಳೆ ಎಂದರು.

ಮರುದಿನ ವೇಳಾಪಟ್ಟಿ ಬದಲಾಗಿ ಪಾಠದ ಬದಲು ಪ್ರಾಕ್ಟಿಕಲ್ ಇಟ್ಟರು. ನನ್ನ ಪಕ್ಕದಲ್ಲಿ ಸದಾ ಕೂರುತ್ತಿದ್ದ ಗೆಳತಿ, ಬಾಳೆಹೊನ್ನೂರು ಕಡೆಯ ಅಂಗಡಿಕಾರರ ಮನೆಯ ಹುಡುಗಿ, ಶೆಲ್ಫಿನಿಂದ ಗಟ್ಟಿ ಸಲ್ಫ್ಯೂರಿಕ್ ಆಸಿಡ್ಡಿನ ಬಾಟಲಿ ಇಳಿಸುವಾಗ ಮುಚ್ಚಳ ಸಡಿಲವಿತ್ತೋ ಏನೋ... ಅವಳ ಎಡಗೈ ಮೇಲೆ ಹರಿಯಿತು. ಅವಳು ಕಣ್ಣು ಮುಚ್ಚಿಕೊಂಡು ಕಿರುಚಿದಳು. ಮೇಡಂ ಕೋಣೆಯ ಇನ್ನೊಂದು ತುದಿಯಲ್ಲಿದ್ದರು. ನನಗೆ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿತ್ತು ಎಂಬಂತೆ, ಪಕ್ಕದ ಬೆಂಚಿನ ಮೇಲಿದ್ದ ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿ ಎತ್ತಿಕೊಂಡು ಮುಚ್ಚಳ ತೆಗೆದೆ. ಬೇಸ್ ಹಾಕಿದರೆ ನ್ಯೂಟ್ರಲ್. ಗಾಡಿ ನಿಂತುಬಿಡುತ್ತದೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಬಾಟಲಿ ಬಗ್ಗಿಸುವಷ್ಟರಲ್ಲಿ ಮೇಡಂ ಓಡಿಬಂದು ಅದನ್ನು ಕಿತ್ತುಕೊಂಡರು. ಕಿತ್ತುಕೊಂಡ ರಭಸಕ್ಕೆ ಒಳಗಿದ್ದದ್ದು ಅವರ ಬಲಗೈ ಮೇಲೆ ಸುರಿಯಿತು, ಸ್ವಲ್ಪ ಗೆಳತಿಯ ಕೈಗೂ ಸಿಡಿಯಿತು. ಅವರು ಬಾಟಲಿಯನ್ನು ಬೆಂಚಿನ ಮೇಲೆ ಕುಕ್ಕಿ, ಗೆಳತಿಯನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿಸಿದರು. ಲ್ಯಾಬಿನಲ್ಲಿ ನೀರು ಬರುತ್ತಿದ್ದದ್ದು ಅದೊಂದೇ ನಲ್ಲಿಯಲ್ಲಿ. "ತೆಗೀಬೇಡ, ತೆಗೀಬೇಡ, ನೀರು ಬೀಳ್ತಾ ಇರ್ಲಿ" ಎನ್ನುತ್ತ ಎಷ್ಟೋ ಹೊತ್ತು ಎಡಗೈಯಲ್ಲಿ ಅವಳನ್ನು ಹಿಡಿದೇ ನಿಂತರು. ಅವರ ರವಿಕೆಯ ಉದ್ದ ತೋಳು ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡೇ ಇತ್ತು. ಅದನ್ನು ಅವರೂ ನೋಡಿಕೊಳ್ಳಲಿಲ್ಲ, ನಾವೂ ನೋಡಲಿಲ್ಲ.

ಗೆಳತಿಯ ಕೈಯಲ್ಲಿ ಕಲೆ ಉಳಿಯಿತು, ಕೈ ಉಳಿಯಿತು. ಮೇಡಂ ಎರಡು ವಾರ ಬರಲಿಲ್ಲ. ಬಂದಾಗ ಬಲಗೈಗೆ ಮೊಣಕೈವರೆಗೂ ಪಟ್ಟಿ ಇತ್ತು.

ಅಂದೇ ಗೆಳತಿಯ ತಂದೆಯೂ ಬಂದರು. ಹೈಡ್ರಾಕ್ಸೈಡ್ ಯಾಕೆ ಸುರಿದರು ಎಂದು ಯಾರೋ ಡಾಕ್ಟರು ಕೇಳಿದ್ದರಂತೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಆ ತಂದೆ, ಆಡಳಿತ ಮಂಡಳಿಯ ಒಬ್ಬರು, ಕಿಟಕಿಯ ಹತ್ತಿರ ಮೇಡಂ. ನನ್ನನ್ನು ಕರೆಸಿದರು. ಗೆಳತಿ ಕಣ್ಣು ಮುಚ್ಚಿದ್ದಳು, ಉಳಿದವರು ದೂರವಿದ್ದರು, ಹತ್ತಿರ ಇದ್ದವಳು ನಾನೊಬ್ಬಳೇ. ತಪ್ಪು ಮಾಡಿದವರು ವಿದ್ಯಾರ್ಥಿಯಾಗಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಆಗಲೇ ಕಾಲೇಜಿನಲ್ಲೆಲ್ಲ ಸುದ್ದಿಯಾಗಿತ್ತು.

"ಹೆದರ್ಕೋಬೇಡ. ಬಾಟಲಿ ಯಾರ ಕೈಯಲ್ಲಿತ್ತು, ಅಷ್ಟು ಹೇಳು ಸಾಕು" ಎಂದರು ಪ್ರಿನ್ಸಿಪಾಲರು.

ನಾನು ನೆಲ ನೋಡಿದೆ. "ಮೇಡಂ ಕೈಯಲ್ಲಿ ಸರ್" ಎಂದೆ.

ತಲೆಯೆತ್ತಿದಾಗ ಮೇಡಂ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವಾಗ ನೋಡುವಂತೆಯೇ ಸ್ವಲ್ಪ ಹೊತ್ತು ಕಾದರು. ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, "ಹೌದು ಸರ್. ಸುರಿದಾಗ ಬಾಟಲಿ ನನ್ನ ಕೈಯಲ್ಲೇ ಇತ್ತು" ಎಂದರು.

ಅವರು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಆ ಮಾತಿಗೆ ಎರಡು ಅರ್ಥವಿತ್ತು ಎಂಬುದು ಗೊತ್ತಿದ್ದವರು ಆ ಕೋಣೆಯಲ್ಲಿ ನಾವಿಬ್ಬರೇ.

ಆ ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸಿದರು. ಕೊನೆಯ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಜ್ವರ ಎಂದು ಮನೆಯಲ್ಲಿ ಮಲಗಿದ್ದೆ. ಅಮ್ಮ ಹಣೆ ಮುಟ್ಟಿ, "ಎಂತ ಜ್ವರನೆ ಇದು, ಮೈ ತಣ್ಣಗಿದೆ" ಎಂದರು. ಗೋಡೆಯ ಕಡೆ ತಿರುಗಿ ಮಲಗಿದೆ. ಪರೀಕ್ಷೆಯಲ್ಲಿ ಕೆಮಿಸ್ಟ್ರಿಗೇ ಎಲ್ಲಕ್ಕಿಂತ ಹೆಚ್ಚು ಅಂಕ ಬಂತು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಶೃಂಗೇರಿಯ ಒಂದು ಕ್ಲಿನಿಕ್ಕಿನಲ್ಲಿ. ಎರಡು ಸಾವಿರದ ಒಂಬತ್ತರ ಸುಮಾರು. ಮೆಣಸೆ ಅಲ್ಲಿಂದ ದೂರವೇನಲ್ಲ. ಪ್ರತಿ ಭಾನುವಾರ ಹೋಗಬೇಕು ಎಂದುಕೊಳ್ಳುತ್ತಿದ್ದೆ. ಭಾನುವಾರ ಬಂದರೆ ಬಟ್ಟೆ ಒಗೆಯುವುದಿರುತ್ತಿತ್ತು, ತಲೆನೋವಿರುತ್ತಿತ್ತು... ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಹಿಂದಿನಿಂದ ದನಿ ಕೇಳಿತು.

"ಎಂತ ಮಾರಾಯ್ತಿ, ಗುರ್ತು ಸಿಕ್ಲಿಲ್ವ?"

ಅವರ ಹೆಗಲಲ್ಲಿ ನೋಟ್‌ಬುಕ್ಕು ತುಂಬಿದ ಬಟ್ಟೆಚೀಲ. ಮನೆಮನೆಗೆ ಹೋಗಿ ಹತ್ತನೇ ತರಗತಿಯವರಿಗೆ ಪಾಠ ಹೇಳುತ್ತಿದ್ದರಂತೆ. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ನಾನು ನೋಡಿದ್ದನ್ನು ನೋಡಿ ಆ ಕೈಯನ್ನು ಚೀಲದ ಹಿಂದೆ ಸರಿಸಿದರು.

"ಎಲ್ಲಿದ್ದೀಯೆ ಈಗ?"

"ಇಲ್ಲೇ ಮೇಡಂ, ಕ್ಲಿನಿಕ್ಕಿನ ಲ್ಯಾಬಲ್ಲಿ."

"ಒಳ್ಳೇದಾಯ್ತು." ಆಮೇಲೆ ಅವರೇ ಹೇಳಿದರು: "ಆ ಗೇರಿನ ಮಾತು ಅಲ್ಲಿಗೇ ಬಿಡಬಾರದಿತ್ತು ಕಣೆ ನಾನು. ಅರ್ಧ ಹೇಳಿ ಬಿಟ್ಟೆ. ಬೇಸೂ ಚರ್ಮ ಸುಡ್ತದೆ, ಎರಡೂ ಸೇರುವಾಗ ಬೇರೆ ಸುಡುವಷ್ಟು ಬಿಸಿ ಏಳ್ತದೆ, ಮೈಮೇಲೆ ಬಿದ್ರೆ ನೀರೇ ಹಾಕ್ಬೇಕು ಅಂತ ಮರುದಿನ ಹೇಳೂದಿತ್ತು."

ತಪ್ಪನ್ನು ಅವರು ತಮ್ಮ ಕಡೆಗೇ ಎಳೆದುಕೊಳ್ಳುತ್ತಿದ್ದರು. ನಾನು ಬಾಯಿ ಬಿಡಬೇಕಾಗಿದ್ದದ್ದು ಆಗ. ಊರಿನ ಬಗ್ಗೆ ಹೇಳಿದೆ. ಗೆಳತಿಗೆ ಮದುವೆಯಾದದ್ದು, ನಮ್ಮ ಲ್ಯಾಬಿಗೆ ಹೊಸ ಮಶೀನು ಬಂದದ್ದು, ಎಲ್ಲ ಹೇಳಿದೆ. ಅವರು ಕೇಳುತ್ತಲೇ ಇದ್ದರು.

"ಮತ್ತೆ ಎಂತಾದ್ರು ಹೇಳೂದಿತ್ತಾ?"

"ಇಲ್ಲ ಮೇಡಂ. ನಿಮ್ಮ ಬಸ್ಸು ಬಂತು" ಎಂದೆ.

ಬಸ್ಸು ಬಂದಿತ್ತು, ನಿಜ. ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಅವರು ಹತ್ತಿ ಕೂತರು, ನಾನು ಏನೋ ಕೆಲಸವಿರುವವಳಂತೆ ನಡೆದುಬಿಟ್ಟೆ. ಅದೇ ಕೊನೆ.

ಮದುವೆಯಾಗಿ ಕೊಪ್ಪಕ್ಕೆ ಬಂದೆ. ಎಷ್ಟೋ ವರ್ಷ, ಅವರಿಗೆ ಹೇಳಬೇಕಿದ್ದ ಆ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಜೋಡಿಸಿದ್ದೇನೆ. ಸೂಜಿ ಚುಚ್ಚುವಾಗ, ಸ್ಲೈಡು ಒರೆಸುವಾಗ, ಸುಮ್ಮನೆ ಕೂತಾಗ. ಪಂಕ್ಚರ್ ಆದ ದಿನ ಮಾತ್ರ ಲ್ಯಾಬಿನಲ್ಲಿ ಒಂದು ಕಡೆ ನಿಲ್ಲಲಾಗಲಿಲ್ಲ. ಆ ಭಾನುವಾರ ಯಾರಿಗೂ ಕಾರಣ ಹೇಳದೆ ಮೆಣಸೆಗೆ ಹೋದೆ.

ಅವರ ತಮ್ಮ ಅಂಗಳದಲ್ಲಿ ಔಷಧಿ ಹೊಡೆಯುವ ಪಂಪು ಬಿಚ್ಚಿಟ್ಟುಕೊಂಡು ಕೂತಿದ್ದರು. ಮೇಡಂ ಇದ್ದಾರಾ ಎಂದೆ. ಅವರು ಕೈ ಒರೆಸಿಕೊಂಡು ಎದ್ದರು.

"ಅಕ್ಕ ಹೋಗಿ ಮೂರು ವರ್ಷ ಆಯ್ತಲ್ಲ. ಹೊಟ್ಟೆ ಕಾಯಿಲೆ. ನೋವು ಅಂತ ಯಾರ ಹತ್ರಾನೂ ಹೇಳ್ಲಿಲ್ಲ. ನೀವು ಯಾರು?"

ಅವರ ಸ್ಟೂಡೆಂಟ್, ನರಸಿಂಹರಾಜಪುರದಲ್ಲಿ, ಎಂದೆ. ತಮ್ಮನ ಮುಖ ಬಿಗಿಯಾಯಿತು. ನಿಂತಲ್ಲೇ ಹೇಳಿಬಿಟ್ಟೆ. ಬಾಟಲಿ ಎತ್ತಿಕೊಂಡವಳು ನಾನು, ಕೋಣೆಯಲ್ಲಿ ಹಾಗೆ ಹೇಳಿದವಳೂ ನಾನು ಎಂದು. ಅಷ್ಟು ವರ್ಷ ತಿದ್ದಿದ್ದ ಮಾತು ಒಂದೂ ಬರಲಿಲ್ಲ. ಬಂದದ್ದು ನಾಲ್ಕೇ ವಾಕ್ಯ.

ಅವರು ಪಂಪಿನ ಕಡೆ ನೋಡುತ್ತ ಕೇಳಿಸಿಕೊಂಡರು. "ಯಾರು ಅಂತ ನಾವು ಕೇಳಿ ಕೇಳಿ ಸಾಕಾಗಿತ್ತು. ಅಕ್ಕ ಹೇಳ್ಲೇ ಇಲ್ಲ." ಆಮೇಲೆ, "ಅವಳಿಗೆ ಗೊತ್ತಿತ್ತಲ್ಲ ಇದೆಲ್ಲ?"

"ಗೊತ್ತಿತ್ತು."

"ಮತ್ತೆ ಈಗ ನಮಗೆ ಹೇಳೂದು ಎಂತಕ್ಕೆ ನೀವು?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು. ಹೊರಡಲು ತಿರುಗಿದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವರ ಹೆಂಡತಿ, "ಬಸ್ಸು ಇರೂದು ಮೂರು ಗಂಟೆಗೆ. ಊಟ ಮಾಡ್ಕೊಂಡು ಹೋಗಿ" ಎಂದರು. ಅವರು ಹೇಳಿದ ರೀತಿಯಲ್ಲಿ ಬೇಡ ಎನ್ನಲು ಜಾಗವಿರಲಿಲ್ಲ.

ಬಡಿಸುತ್ತ ಅವರು ಮೆಲ್ಲಗೆ ಕೇಳಿದರು: "ಅತ್ತಿಗೆ ಕಾಲೇಜಲ್ಲಿ ಹೆಂಗೆ ಪಾಠ ಮಾಡ್ತಿದ್ರು? ನಾವ್ಯಾರೂ ನೋಡ್ಲಿಲ್ಲ."

ನಾನು ಹೇಳತೊಡಗಿದೆ. ಅವರ ತಮ್ಮ ಮೊದಲು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಆಮೇಲೆ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಒಂದು ಕಡೆ ಅವರ ಹೆಂಡತಿ ನಕ್ಕೂಬಿಟ್ಟರು. ಯಾರಿಗೆ ಹೇಳಬೇಕಿತ್ತೋ ಅವರು ಆ ಮನೆಯಲ್ಲಿ ಇರಲಿಲ್ಲ. ತಟ್ಟೆಯ ಮುಂದೆ ಎಂಜಲು ಕೈ ಒಣಗಿತ್ತು. ಮೂರು ಗಂಟೆಯ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ನಾನು ಇನ್ನೂ ಹೇಳುತ್ತಲೇ ಇದ್ದೆ.