ಬಗ್ಗದ ಕುತ್ತಿಗೆ

ಕೊಡಗು ಬೇರೆ ರಾಜ್ಯವಾಗಿದ್ದಾಗ ಬಾಳೆಲೆ ಊರಿನ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಿಡಿಯುತ್ತಿದ್ದ ರೈಟರನ ಮುಖ ನನಗೆ ಸರಿಯಾಗಿ ನೆನಪಿಲ್ಲ. ನನ್ನ ಸಿಟ್ಟು ಅದನ್ನು ನೆನಪಿನಲ್ಲಿ ವಿಕಾರ ಮಾಡಿರಲೂಬಹುದು. ಹೆಸರು ಕರೆದಾಗ ಆಳುಗಳು ತಲೆ ಬಗ್ಗಿಸಿ ಓಗೊಡಬೇಕಿತ್ತು. ಪೆನ್ಸಿಲನ್ನು ನೆಲದತ್ತ ಚುಚ್ಚುತ್ತ "ಬಗ್ಗು, ಬಗ್ಗು" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಜ್ವರದಲ್ಲೇ ಬಂದ ಹೆಂಗಸೊಬ್ಬಳು ಬಗ್ಗಲಿಲ್ಲ.

"ಕುತ್ತಿಗೆ ಸೆಟೆದುಕೊಂಡಿದೆ ರೈಟ್ರೇ, ಆಗ್ತಿಲ್ಲ."

"ಮಹಾರಾಣಿಯ ಕಿರೀಟ ಬೀಳ್ತದೇನೋ! ನಡಿ, ಕಾಫಿ ಕುಯ್ಯಿ."

ಸಂಜೆ ಗಿಡದ ಬುಡದಲ್ಲಿ ಪ್ರಜ್ಞೆತಪ್ಪಿ ಬಿದ್ದಿದ್ದಳು. ಮಿದುಳಿನ ಪೊರೆಗೆ ಸೋಂಕಾಗಿದೆ, ಕುತ್ತಿಗೆ ಸೆಟೆದದ್ದೂ ಅದರಿಂದಲೇ ಎಂದರು ಮಡಿಕೇರಿಯ ಡಾಕ್ಟರು. ಜೀವ ಉಳಿಯಿತು, ಕಿವಿ ಹೋಯಿತು.

ಅವಳು ಕೆಲಸಕ್ಕೆ ಮರಳಿದ ದಿನ ರೈಟರ ಅವಳ ಹೆಸರು ಕೂಗಿದ.

"ಅವಳಿಗೆ ಕಿವಿ ಕೇಳಲ್ಲ ರೈಟ್ರೇ. ಇಲ್ಲೇ ಇದ್ದಾಳಲ್ಲ," ಎಂದಳು ಪಕ್ಕದವಳು.

"ಓಗೊಡಲಿಲ್ಲವಲ್ಲ," ಎಂದವನೇ, ಎದುರಿಗೆ ನಿಂತವಳನ್ನು ನೋಡುತ್ತಲೇ ಗೈರುಹಾಜರಿ ಹಾಕಿದ.