ಗ್ಲಾಸ್ಗೋ ಎಂಜಿನ್ನಿಗೆ ಕಾಯಿನೀರು

ಬುಕಿತ್ ಪಂಜಾಂಗ್ ಬಡಾವಣೆಯಲ್ಲಿ, ಹದಿನೇಳನೆಯ ಮಹಡಿಯಲ್ಲಿರುವ ಬಸವಕಿರಣನ ಫ್ಲ್ಯಾಟಿನಲ್ಲಿ ಒಂದು ಬಾಂಬ್ ಶೆಲ್ಟರ್ ಇದೆ. ಸಿಂಗಪುರದ ಹೊಸ ಫ್ಲ್ಯಾಟುಗಳಲ್ಲೆಲ್ಲ ಇರುವಂಥದ್ದೇ: ದಪ್ಪ ಗೋಡೆ, ಉಕ್ಕಿನ ಬಾಗಿಲು, ಕಿಟಕಿಯಿಲ್ಲದ ಕಿರುಕೋಣೆ. ಉಳಿದವರು ಅದರಲ್ಲಿ ಅಕ್ಕಿಚೀಲ, ಹಳೆಯ ಸೂಟ್‌ಕೇಸುಗಳನ್ನು ತುಂಬುತ್ತಾರೆ. ಬಸವಕಿರಣ ಏಳು ವರ್ಷ ಅದರೊಳಗೆ ಕೂತು ಒಂದು ಉಗಿ ಎಂಜಿನ್ ಕಟ್ಟಿದ.

ವಾರದ ಐದು ದಿನ ಅವನಿಗೆ ಟೋವಾ ಪಾಯೋದ ಆಫೀಸಿನಲ್ಲಿ ಸಿಗ್ನಲ್ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ಚಾಲಕನೇ ಇಲ್ಲದ ರೈಲುಗಳು ಒಂದಕ್ಕೊಂದು ಗುದ್ದದಂತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಶನಿವಾರ ಬಂತೆಂದರೆ ಆ ಮನುಷ್ಯ ಅರ, ಎಣ್ಣೆಬುಡ್ಡಿ ಹಿಡಿದು ಶೆಲ್ಟರ್ ಸೇರುತ್ತಿದ್ದ. ಲೇಥಿನ ಸದ್ದಿಗೆ ಕೆಳಮನೆಯವರು ಎರಡು ಸಲ ದೂರು ಕೊಟ್ಟರು. ಮೂರನೆಯ ಸಲ ನೋಡಲು ಮೇಲೆ ಬಂದವರು ಚಹಾ ಕುಡಿದು, ಎಂಜಿನ್ನಿನ ಜೊತೆ ಫೋಟೊ ತೆಗೆಸಿಕೊಂಡು ಹೋದರು.

ಎಂಜಿನ್, ಅದರ ಹಿಂದೆ ನೀರು-ಕಲ್ಲಿದ್ದಲು ಹೊರುವ ಟೆಂಡರ್ ಸೇರಿ ಒಂದೂಮುಕ್ಕಾಲು ಮೀಟರ್ ಉದ್ದ. ಇದರ ಮೂಲ ರೂಪ ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮೊದಲು ಗ್ಲಾಸ್ಗೋದಲ್ಲಿ ತಯಾರಾಗಿ, ಹಡಗಿನಲ್ಲಿ ಮಲಯಕ್ಕೆ ಬಂದು, ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ಮೇಲ್ ಗಾಡಿ ಎಳೆದ ಎಂಜಿನ್ನು. ಅಂಥ ಸಾವಿರಾರು ಎಂಜಿನ್ನುಗಳನ್ನು ಗ್ಲಾಸ್ಗೋದ ಬೀದಿಗಳಲ್ಲೇ ಎಳೆದುಕೊಂಡು ಹೋಗಿ ಬಂದರಿನಲ್ಲಿ ಕ್ರೇನಿನಿಂದ ಎತ್ತಿ ಹಡಗಿಗೆ ಇಳಿಸುತ್ತಿದ್ದರು. ಬಸವಕಿರಣನ ಅಪ್ಪ ಸಂಗನಬಸಪ್ಪ ಹುಬ್ಬಳ್ಳಿಯ ಲೋಕೊ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದರು. ಅವರು ಕಲ್ಲಿದ್ದಲು ಎಸೆಯುತ್ತಿದ್ದ ಎಂಜಿನ್ನಿನ ಮೇಲೂ ಅದೇ ಗ್ಲಾಸ್ಗೋದ ವಜ್ರಾಕಾರದ ಹಿತ್ತಾಳೆ ಫಲಕವಿತ್ತು. ಬ್ರಿಟಿಷರು ತಮ್ಮ ದೇಶಕ್ಕೆ ನಾಲ್ಕು ಅಡಿ ಎಂಟೂವರೆ ಇಂಚಿನ ಹಳಿ ಹಾಕಿಕೊಂಡು, ಹುಬ್ಬಳ್ಳಿಗೂ ಸಿಂಗಪುರಕ್ಕೂ ಕಿರಿದಾದ ಮೀಟರ್ ಹಳಿ ಹಾಕಿಸಿದ್ದರು. ಅಪ್ಪನ ಎಂಜಿನ್ನನ್ನು ತಂದು ಇಲ್ಲಿಟ್ಟಿದ್ದರೆ ಹಾಗೇ ಓಡುತ್ತಿತ್ತು ಎಂದು ಬಸವಕಿರಣ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಹಾಕರ್ ಸೆಂಟರಿನಲ್ಲಿ ಊಟಕ್ಕೆ ಕೂತಾಗಲೂ ಅದೇ. 1829ರಲ್ಲಿ ರೇನ್‌ಹಿಲ್ ಎಂಬಲ್ಲಿ ನಡೆದ ಎಂಜಿನ್ ಪಂದ್ಯದ ಕಥೆ ಅವನ ಸಹೋದ್ಯೋಗಿಗಳಿಗೆಲ್ಲ ಬಾಯಿಪಾಠವಾಗಿತ್ತು. ಪಂದ್ಯಕ್ಕೆ ಬಂದ ಒಂದು ಯಂತ್ರದಲ್ಲಿ ಉಗಿಯೇ ಇರಲಿಲ್ಲ, ಪಟ್ಟಿಯ ಮೇಲೆ ಕುದುರೆ ನಡೆದು ಗಾಲಿ ತಿರುಗಿಸುತ್ತಿತ್ತು. ಜನ ಮೆಚ್ಚಿದ ಇನ್ನೊಂದರ ಕೊಳವೆ ಒಡೆಯಿತು. ಕೊನೆಗೆ ಗೆದ್ದ ರಾಕೆಟ್‌ನ ಬಾಯ್ಲರಿನಲ್ಲಿ ಇಪ್ಪತ್ತೈದು ತಾಮ್ರದ ನಳಿಗೆಗಳಿದ್ದವು.

"ಶುರುವಾಯ್ತು ರೈಲ್ವೆ ಪುರಾಣ. ಇಪ್ಪತ್ತೈದು ನಳಿಗೆ ನೆನಪಿರತ್ತೆ, ನನ್ನ ಬರ್ತ್‌ಡೇ ಮಾತ್ರ ಕ್ಯಾಲೆಂಡರ್ ರಿಮೈಂಡರ್!" ಎನ್ನುತ್ತಿದ್ದಳು ಹೆಂಡತಿ ರೋಹಿಣಿ. ಅವಳಿಗೂ ಸಾಫ್ಟ್‌ವೇರ್ ಕೆಲಸವೇ.

ಈ ವರ್ಷ ಹುಬ್ಬಳ್ಳಿಯಿಂದ ತಾಯಿ ದ್ಯಾಮವ್ವ ಒಂದು ತಿಂಗಳಿಗೆಂದು ಬಂದಳು. ಎಪ್ಪತ್ತೈದು ವಯಸ್ಸು, ಗಟ್ಟಿ ಮಂಡಿ, ಅದಕ್ಕಿಂತ ಗಟ್ಟಿ ಬಾಯಿ. ಶೆಲ್ಟರಿನ ಬಾಗಿಲಲ್ಲಿ ನಿಂತು ಎಂಜಿನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಚೆಂದ ಐತಿ. ಓಡ್ತೈತೇನು?"

"ಇನ್ನೂ ಬಾಯ್ಲರ್ ಪರೀಕ್ಷೆ ಆಗಬೇಕವ್ವ. ಪಾಸಾದ್ರ ನಿನ್ನ ಕೂಡಿಸ್ಕೊಂಡು ಹೋಗ್ತೀನಿ."

"ಓಡಿದ್ರ ಎಂಜಿನ್ನು, ಇಲ್ಲಾಂದ್ರ ತಿಜೋರಿ. ನಾ ಅಂತೂ ನಮ್ಮ ಓಣಿಯಾಗ ಎಲ್ಲಾರಿಗೂ ಹೇಳಿ ಬಂದೀನಿ, ಮಗನ ಎಂಜಿನ್ನಿನ ಹಿಂದ ಕುಂತು ಬರ್ತೀನಿ ಅಂತ."

ಬಸವಕಿರಣ ಸದಸ್ಯನಾಗಿದ್ದ ಪುಟ್ಟ ಹವ್ಯಾಸಿ ಸಂಘ ಮೂರು ತಿಂಗಳಿಗೊಮ್ಮೆ ಮೈದಾನದಲ್ಲಿ ಹಳಿ ಜೋಡಿಸುತ್ತಿತ್ತು. ಬಾಯ್ಲರ್ ಪತ್ರಕ್ಕೆ ಸಹಿ ಬೀಳದ ಎಂಜಿನ್ನು ಚಾಲಕನನ್ನು ಬಿಟ್ಟು ಬೇರೆ ಯಾರನ್ನೂ ಎಳೆಯುವಂತಿಲ್ಲ. ಈ ಸಲದ ಕೂಟ ಭಾನುವಾರ, ಮಧ್ಯಾಹ್ನ ಒಂದರವರೆಗೆ ಮಾತ್ರ ಅನುಮತಿ. ದ್ಯಾಮವ್ವನ ವಿಮಾನ ಮಂಗಳವಾರ.

ಭಾನುವಾರ ಬೆಳಿಗ್ಗೆ ಎಂಜಿನ್ನನ್ನು ತಳ್ಳುಗಾಡಿಯ ಮೇಲಿಟ್ಟು ಲಿಫ್ಟಿನಲ್ಲಿ ಕಟ್ಟಡದ ಬುಡದ ತೆರೆದ ಜಾಗಕ್ಕೆ, ವಾಯ್ಡ್ ಡೆಕ್ಕಿಗೆ ಇಳಿಸಿದರು. ಪೂಜೆಯಿಲ್ಲದೆ ಹೊಸ ಗಾಡಿ ಹೊರಡುವುದುಂಟೆ? ದ್ಯಾಮವ್ವ ಎಂಜಿನ್ನಿನ ಮುಖಕ್ಕೆ ಮೂರು ಬೆರಳಿನ ವಿಭೂತಿ ಎಳೆದಳು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು, ಕಾಯಿ ಒಡೆದಳು. ರೋಹಿಣಿ ಕಾಯಿನೀರನ್ನು ಸ್ಟೀಲಿನ ಚೊಂಬಿನಲ್ಲಿ ಹಿಡಿದು ಗಂಡನ ಕೈಗೆ ಕೊಟ್ಟಳು.

"ಗಾಲಿಗೆ ಹಾಕಪಾ, ಎಂಟೂ ದಿಕ್ಕಿಗೆ," ಎಂದು ಹೇಳಿ ದ್ಯಾಮವ್ವ ಊದುಬತ್ತಿ ಹಚ್ಚಲು ಆ ಕಡೆ ತಿರುಗಿದಳು.

ಬಸವಕಿರಣ ಗಾಲಿಗಳನ್ನು ನೋಡಿದ. ಹನ್ನೊಂದು ಕೋಟ್ ಬಣ್ಣ, ಪ್ರತಿ ಕೋಟಿನ ನಡುವೆ ನೀರು ಹಚ್ಚಿದ ಮರಳುಕಾಗದದ ಉಜ್ಜು, ಮೇಲೆ ಕೂದಲೆಳೆಯಂಥ ಗೆರೆ. ಅದರ ಮೇಲೆ ಅಂಟುಅಂಟಾದ ಕಾಯಿನೀರೇ? ಹಾಗೆಂದು ಪೂಜೆಯ ನೀರನ್ನು ಚರಂಡಿಗೆ ಚೆಲ್ಲಲೂ ಮನಸ್ಸು ಬರಲಿಲ್ಲ. ಪಕ್ಕದಲ್ಲೇ ಟೆಂಡರಿನ ನೀರಿನ ಮುಚ್ಚಳ ತೆರೆದಿತ್ತು. ಐದು ಲೀಟರಿನಲ್ಲಿ ಒಂದು ಲೋಟ, ಅದೂ ನೀರೇ ತಾನೆ ಎಂದುಕೊಂಡು ಸುರಿದು ಮುಚ್ಚಳ ಹಾಕಿದ. ಸಂಘದವರಿಗೆ "ಬಾಯ್ಲರಿಗೆ ಎಂಥ ನೀರು ಹಾಕಬೇಕು" ಎಂಬ ನಾಲ್ಕು ಪುಟದ ನಿಯಮಾವಳಿ ಬರೆದುಕೊಟ್ಟವನು ಇದೇ ಬಸವಕಿರಣ.

ಪರೀಕ್ಷಕರು ಬದರಿನಾಥ್. ಮೈಸೂರಿನವರು, ನಲವತ್ತು ವರ್ಷ ಹಡಗುಗಳ ಎಂಜಿನ್ ರೂಮಿನಲ್ಲಿ ಕಳೆದು ಇಲ್ಲೇ ನೆಲೆಸಿದವರು. ಕೊರಳಲ್ಲಿ ಸ್ಟಾಪ್‌ವಾಚ್ ನೇತುಹಾಕಿಕೊಂಡೇ ಮೈದಾನಕ್ಕೆ ಬಂದರು. ತಣ್ಣೀರಿನ ಒತ್ತಡದ ಪರೀಕ್ಷೆ ಹಿಂದಿನ ವಾರವೇ ಮುಗಿದಿತ್ತು. ಇವತ್ತು ಉಗಿ ಎಬ್ಬಿಸಿ, ಸೇಫ್ಟಿ ವಾಲ್ವ್ ಸರಿಯಾದ ಒತ್ತಡಕ್ಕೆ ತೆರೆಯುವುದನ್ನು ನೋಡಿ, ಹತ್ತು ಸುತ್ತು ಓಡಿಸಬೇಕು.

ಬಾಯ್ಲರಿಗೆ ಮೊದಲ ನೀರು ಸೀಸೆಯಿಂದ ನೇರವಾಗಿ ಹೋಗಿತ್ತು, ಅದು ಶುದ್ಧ ಡಿಸ್ಟಿಲ್ಡ್ ನೀರು. ಹಾಗಾಗಿ ಸೇಫ್ಟಿ ವಾಲ್ವ್ ಹೇಳಿದ ಮಾತಿಗೆ ತೆರೆಯಿತು, ಹೇಳಿದ ಮಾತಿಗೆ ಮುಚ್ಚಿತು. ಮೊಣಕಾಲೆತ್ತರದ ಹಳಿಯ ಮೇಲೆ, ಟೆಂಡರಿನ ಹಿಂದಿನ ಟ್ರಾಲಿಯಲ್ಲಿ ಬಸವಕಿರಣ ಕೂತ. ಮೊದಲ ಸುತ್ತು ಬೆಣ್ಣೆಯಂತೆ ಸಾಗಿತು. ನೆರೆದವರು ಚಪ್ಪಾಳೆ ತಟ್ಟಿದರು. ಗಾಲಿ ತಿರುಗುತ್ತಿದ್ದಂತೆ ಪಂಪು ಟೆಂಡರಿನ ನೀರನ್ನು ಬಾಯ್ಲರಿಗೆ ನೂಕತೊಡಗಿತು. ಮೂರನೆಯ ಸುತ್ತಿನಲ್ಲಿ ನೀರಿನ ಮಟ್ಟ ತೋರುವ ಗಾಜಿನ ಕೊಳವೆಯೊಳಗೆ ನೊರೆ ಕುಣಿಯಿತು. ಚಿಮಣಿ ಕೆಮ್ಮಿ, ಬಿಳಿ ನೊರೆಯನ್ನು ಅವನ ಅಂಗಿಯ ಮೇಲೆಯೇ ಉಗುಳಿತು.

"ನಿಲ್ಸಿ, ನಿಲ್ಸಿ!" ಬದರಿನಾಥ್ ಓಡಿಬಂದರು. "ಏನಪ್ಪಾ ಕಿರಣ್, ಇದು ಎಂಜಿನ್ನೋ ಕಾಪುಚಿನೊ ಮಷೀನೋ? ನೀರು ಯಾವುದು?"

"ಡಿಸ್ಟಿಲ್ಡ್, ಅಂಕಲ್."

ಬದರಿನಾಥ್ ಬೆರಳಿನಲ್ಲಿ ನೊರೆ ಮುಟ್ಟಿ ಮೂಸಿದರು. "ಪಾಯಸ ತಳ ಹತ್ತಿದ ವಾಸನೆ ಬರ್ತಿದೆಯಲ್ಲ? ಬೆಸುಗೆ ಕೂರಲಿ ಅಂತ ಹಚ್ಚೋ ಫ್ಲಕ್ಸ್ ಒಳಗೇ ಉಳ್ಕೊಂಡಿರ್ಬೇಕು. ಹಾಗಿದ್ರೆ ಇವತ್ತು ಆಗಲ್ಲ. ಬಾಯ್ಲರ್ ಮನೆಗೆ ತಗೊಂಡು ಹೋಗಿ, ಆಸಿಡ್‌ನಲ್ಲಿ ನೆನೆಸಿ, ಮುಂದಿನ ಕೂಟಕ್ಕೆ ತನ್ನಿ."

ಬಸವಕಿರಣ ತಾಯಿಯ ಕಡೆ ನೋಡಿದ. ಅವಳು ಮರದ ನೆರಳಿನಲ್ಲಿ ಮಡಚುಕುರ್ಚಿಯ ಮೇಲೆ ಇಳಕಲ್ಲಿನ ಸೀರೆಯುಟ್ಟು ಕೂತಿದ್ದಳು. ಫ್ಲಕ್ಸ್ ಎಂದು ಒಪ್ಪಿಕೊಂಡರೆ ಮಾನ ಉಳಿಯುತ್ತದೆ, ಆದರೆ ಅವ್ವ ಮಂಗಳವಾರ ಹೊರಟುಬಿಡುತ್ತಾಳೆ.

"ಫ್ಲಕ್ಸ್ ಅಲ್ಲ ಅಂಕಲ್. ಕಾಯಿನೀರು."

"ಏನು?"

"ಪೂಜೆ ಕಾಯಿನೀರು. ಗಾಲಿಗೆ ಹಾಕಿದ್ರೆ ಪೇಂಟ್ ಹಾಳಾಗತ್ತೆ ಅಂತ ಟೆಂಡರಿಗೆ ಸುರಿದೆ."

ಮೊದಲು ನಕ್ಕವಳು ದ್ಯಾಮವ್ವ. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ನಿಲ್ಲಲಿಲ್ಲ.

"ಅಯ್ಯ ನನ್ನ ಶಿವನ! ಗಾಲಿಗೆ ಹಾಕಂದ್ರ ಹೊಟ್ಟಿಗೆ ಹಾಕ್ಯಾನ! ಇವರಪ್ಪ ಮೂವತ್ತು ವರ್ಷ ಆಯುಧಪೂಜಿ ಮಾಡಿದ್ರು, ಒಂದ್ ದಿನಾ ಎಂಜಿನ್ನಿಗೆ ಕಾಯಿನೀರು ಕುಡಿಸ್ಲಿಲ್ಲ!"

"ಇಸ್ತ್ರಿಪೆಟ್ಟಿಗೆಗೆ ನಲ್ಲಿ ನೀರು ಹಾಕಿದ್ರೆ ನಂಗೆ ಅರ್ಧ ಗಂಟೆ ಲೆಕ್ಚರ್ ಕೊಡ್ತಾರೆ ಅಂಕಲ್, ಇವರೇ!" ಎಂದಳು ರೋಹಿಣಿ.

ಹೌಗಾಂಗಿನಿಂದ ಬಂದಿದ್ದ ಚೀನೀ ಅಂಕಲ್ ಒಬ್ಬರಿಗೆ ಯಾರೋ ವಿಷಯ ವಿವರಿಸಿದರು. ಅವರು ಇಲ್ಲಿನ ಸಿಹಿತಿಂಡಿಗಳಿಗೆಲ್ಲ ಹಾಕುವ ಘಮದ ಎಲೆಯನ್ನು ನೆನೆದು, "ಕೋಕೊನಟ್ ಆಹ್? ನೆಕ್ಸ್ಟ್ ಟೈಮ್ ಪಂದಾನ್ ಆಲ್ಸೋ ಪುಟ್ ಲಾ!" ಎಂದರು.

ಬದರಿನಾಥ್ ಮಾತ್ರ ನಗಲಿಲ್ಲ. ಗಡಿಯಾರ ನೋಡಿದರು. ಹತ್ತೂ ಇಪ್ಪತ್ತು. "ಸಕ್ಕರೆ ಅಂಶದ ನೀರು ಕುದ್ರೆ ನೊರೆ ಬರೋದೇ. ತೊಳೆದ್ರೆ ಹೋಗತ್ತೆ. ಬೆಂಕಿ ತೆಗೀರಿ, ತಣ್ಣಗಾಗಲಿ, ಟೆಂಡರೂ ಬಾಯ್ಲರೂ ಮೂರು ಸಲ ತೊಳೀರಿ. ಆಮೇಲೆ ಒಂದನೇ ಸುತ್ತಿಂದ ಮತ್ತೆ ಹತ್ತು. ಒಂದು ಗಂಟೆಗೆ ನಾನು ವಿಶಲ್ ಹೊಡೀತೀನಿ, ಆಗಿದ್ರೆ ಆಯ್ತು, ಇಲ್ದಿದ್ರೆ ಇಲ್ಲ."

ಬೆಂಕಿ ತೆಗೆದು, ಒತ್ತಡ ಇಳಿಸಿ ಹತ್ತು ನಿಮಿಷ ಆಗಿರಲಿಲ್ಲ, ಬಸವಕಿರಣನ ಕೈ ತಣ್ಣೀರಿನ ಕ್ಯಾನಿಗೆ ಹೋಯಿತು. ದ್ಯಾಮವ್ವ ಕುರ್ಚಿಯಿಂದ ಎದ್ದೇ ಬಂದಳು.

"ಮುಟ್ಟಬ್ಯಾಡ! ಬಿಸಿ ಬಾಯ್ಲರಿಗೆ ತಣ್ಣೀರು ಹಾಕ್ತಾರೇನು? ಶೆಡ್ಡಿನ್ಯಾಗ ಬಾಯ್ಲರ್ ತೊಳಿಯೋ ವಾಶೌಟ್ ದಿನ ನಿಮ್ಮಪ್ಪ ಹೊತ್ತು ಮುಳುಗಿದ ಮ್ಯಾಲೆ ಮನಿಗೆ ಬರ್ತಿದ್ರು. ಯಾಕ? ಎಂಜಿನ್ನು ತಾನಾಗೇ ಆರೂತನಕ ಯಾರೂ ಕೈ ಹಚ್ಚಂಗಿಲ್ಲ. ಅವಸರ ಮಾಡಿದ್ರ ಸೀಳತೈತಿ."

"ಅವ್ವ, ಟೈಮ್ ಇಲ್ಲ."

"ನನಗ ಐತಿ. ಮಂಗಳವಾರತನಕ ಐತಿ. ಕುಂದ್ರು."

ಬದರಿನಾಥರ ತುಟಿಯಂಚು ಈಗ ಸ್ವಲ್ಪ ಸಡಿಲವಾಯಿತು. "ಅಮ್ಮ ಹೇಳಿದ್ದು ಕರೆಕ್ಟ್," ಎಂದು ತಮ್ಮ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು. ಮುಂದಿನ ಒಂದು ಗಂಟೆ ಹಡಗಿನ ಬಾಯ್ಲರೂ ಹುಬ್ಬಳ್ಳಿಯ ಬಾಯ್ಲರೂ ಸುಖದುಃಖ ಹಂಚಿಕೊಂಡವು. ಬಸವಕಿರಣ ಎಂಜಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಾಮ್ರವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ. ಅವನ ಬಳಿ ಉಳಿದಿದ್ದ ಶುದ್ಧ ನೀರು ಎರಡೇ ಲೀಟರ್. ಮೂರು ತೊಳೆತಕ್ಕೆ, ಮತ್ತೆ ತುಂಬಲಿಕ್ಕೆ ಹದಿನೈದಾದರೂ ಬೇಕು. ರೋಹಿಣಿ ಒಬ್ಬೊಬ್ಬರ ಬಳಿಯೂ ಹೋಗಿ ಕೇಳಿದಳು. ಹೌಗಾಂಗಿನ ಅಂಕಲ್ ತಮ್ಮ ಕ್ಯಾನನ್ನೇ ಕೊಟ್ಟು, ತಮ್ಮ ಎಂಜಿನ್ನನ್ನು ಅಂದಿಗೆ ಡಬ್ಬಕ್ಕೆ ಸೇರಿಸಿದರು.

ಹನ್ನೊಂದೂ ನಲವತ್ತಕ್ಕೆ ದ್ಯಾಮವ್ವ ಬಾಯ್ಲರಿನ ಮೇಲೆ ಅಂಗೈ ಇಟ್ಟು "ಈಗ ತೊಳಿ" ಎಂದಳು. ಮೊದಲ ನೀರು ಗಂಜಿಯ ಹಾಗೆ ಬಂತು, ಎರಡನೆಯದು ಮಬ್ಬಾಗಿ, ಮೂರನೆಯದು ತಿಳಿಯಾಗಿ. ಹನ್ನೆರಡೂ ಕಾಲಿಗೆ ಮತ್ತೆ ಉಗಿ ಎದ್ದಿತು. ಬಸವಕಿರಣ ಈ ಸಲ ಬಣ್ಣವನ್ನೂ ನೋಡಲಿಲ್ಲ, ಜನರನ್ನೂ ನೋಡಲಿಲ್ಲ. ಗಾಜಿನ ಕೊಳವೆಯಲ್ಲೇ ಕಣ್ಣು. ನೀರಿನ ಗೆರೆ ಅಲುಗದೆ ನಿಂತಿತ್ತು. ಐದು, ಆರು, ಏಳು. ಹತ್ತನೆಯ ಸುತ್ತು ಮುಗಿದಾಗ ಹನ್ನೆರಡೂ ನಲವತ್ತೆಂಟು. ಬದರಿನಾಥ್ ಕಾಗದವನ್ನು ತೊಡೆಯ ಮೇಲಿಟ್ಟು ಸಹಿ ಮಾಡಿದರು. ಷರಾ ಕಾಲಮ್ಮಿನಲ್ಲಿ ಇಂಗ್ಲಿಷಿನಲ್ಲಿ ಬರೆದರು: ತೆಂಗು ನಿಷಿದ್ಧ.

ದ್ಯಾಮವ್ವ ಸೀರೆ ಒತ್ತಿಹಿಡಿದು ಟ್ರಾಲಿಯ ಮೇಲೆ ಪಕ್ಕಕ್ಕೆ ತಿರುಗಿ ಕೂತಳು. ಅವಳ ಮುಂದೆ ಬಸವಕಿರಣ. ಉಗಿ ಬಿಡುವ ರೆಗ್ಯುಲೇಟರ್ ಎಳೆದ. ಎಂಜಿನ್ನು ಒಮ್ಮೆ ಜಾರಿ, ಹಿಡಿತ ಸಿಕ್ಕಿ, ಛಕ್ ಛಕ್ ಎಂದು ಹೊರಟಿತು. ಹತ್ತು ಮೀಟರ್ ಹೋಗುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಏ ಬಸೂ, ಎಂಜಿನ್ ಎಲ್ಲೈತೋ? ನನಗ ನಿನ್ನ ಬೆನ್ನಷ್ಟ ಕಾಣಾಕತ್ತೈತಿ!"

ಏಳು ವರ್ಷದಲ್ಲಿ ಎಲ್ಲ ಅಳತೆಯನ್ನೂ ತೆಗೆದಿದ್ದ ಬಸವಕಿರಣ ಇದನ್ನು ಮಾತ್ರ ಯೋಚಿಸಿರಲಿಲ್ಲ. ಎಡಗೈ ಟೆಂಡರಿನ ಮೇಲೆ ಊರಿ, ಬಲಕ್ಕೆ ಬಾಗಿದ. ಇನ್ನೂ ಬಾಗಿದ. ಹೊರಗಿನಿಂದ ನೋಡಿದವರಿಗೆ ಚಾಲಕ ಉರುಳಿಯೇ ಬೀಳುತ್ತಾನೆ ಎನಿಸುವಂತಿತ್ತು.

"ಈಗ ಕಾಣತೈತೇನವ್ವ?"

"ಕಾಣತೈತಿ, ಕಾಣತೈತಿ. ಅಡ್ಡಡ್ಡ ಬೀಳಬ್ಯಾಡ, ನೆಟ್ಟಗ ಕುಂತು ಹಳಿ ನೋಡು. ನನಗ ಹೊಗಿ ಕಂಡ್ರ ಸಾಕು. ಮತ್ತ ಸಾವಕಾಶ ಹೋಗಪಾ, ಇನ್ನೂ ಹತ್ತು ನಿಮಿಷ ಐತಿ."